ಸಾಲವೋ ಅಪರಾಧವೋ: ಬ್ಯಾಪ್ಟಿಸ್ಟ್ ಚಿಂತನೆಯಲ್ಲಿ ಕ್ರಿಸ್ತನ ಮರಣ ಮತ್ತು ರಕ್ಷಣೆಯ ಅರ್ಥ

ಸಾಲ ಮಾಡಿದವನ ಪರವಾಗಿ ಇನ್ನೊಬ್ಬ ಹಣ ಕಟ್ಟಿದರೆ ಸಾಲ ತೀರಿತು. ಕಟ್ಟಿದವರು ಯಾರೆಂದು ಸಾಹುಕಾರ ವಿಚಾರಿಸುವುದಿಲ್ಲ. ಅಪರಾಧ ಮಾಡಿದವನ ಬದಲಿಗೆ ಇನ್ನೊಬ್ಬ ಸೆರೆಮನೆಗೆ ಹೋಗಲು ಮುಂದೆ ಬಂದರೆ ನ್ಯಾಯಾಧೀಶ ಹಾಗೆ ಒಪ್ಪಲಾರ. ಯೇಸುವಿನ ಶಿಲುಬೆಯ ಮರಣವನ್ನು ವಿವರಿಸಲು ಕ್ರೈಸ್ತ ಪರಂಪರೆ ಈ ಎರಡೂ ಚಿತ್ರಗಳನ್ನು ಬಳಸಿಕೊಂಡು ಬಂದಿದೆ. ಬಹಳ ಸಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದರಿಂದ ಅವುಗಳ ನಡುವಿನ ಅಂತರ ಕಣ್ಣಿಗೆ ಬೀಳುವುದೇ ಕಡಿಮೆ. 17 ಮತ್ತು 18ನೆಯ ಶತಮಾನಗಳ ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ನಡೆದ ದೀರ್ಘ ವಾಗ್ವಾದವನ್ನು ಸಾಮಾನ್ಯವಾಗಿ 'ಕ್ರಿಸ್ತನು ಯಾರಿಗಾಗಿ ಸತ್ತನು' ಎಂಬ ಪ್ರಶ್ನೆಯ ಸುತ್ತ ಓದುತ್ತಾರೆ. ಆ ಪ್ರಶ್ನೆಯ ಕೆಳಗೆ ಅದಕ್ಕಿಂತ ಮೂಲಭೂತವಾದ ಇನ್ನೊಂದು ಪ್ರಶ್ನೆಯಿತ್ತು: ಪಾಪ ಸಾಲವೋ, ಅಪರಾಧವೋ? ಆಂಡ್ರ್ಯೂ ಫುಲ್ಲರ್ (1754–1815) ಈ ಎರಡನೆಯ ಪ್ರಶ್ನೆಯನ್ನು ಎತ್ತಿ, ಪಾಪ ಅಪರಾಧವೆಂದು ಉತ್ತರಿಸಿದ. ಬ್ಯಾಪ್ಟಿಸ್ಟರು ಸುವಾರ್ತೆಯನ್ನು ಎಲ್ಲರ ಮುಂದೆ ನಿಸ್ಸಂಕೋಚವಾಗಿ ಇಡಲು ಸಾಧ್ಯವಾದದ್ದು ಈ ಉತ್ತರದಿಂದ ಎಂಬುದು ಈ ಲೇಖನದ ವಾದ. ಆ ಉತ್ತರ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಅವರ ಆಚರಣೆಯಲ್ಲಿಯೇ ಅದು ಅಡಗಿತ್ತು.

ಇಂಗ್ಲಿಷ್ ಬ್ಯಾಪ್ಟಿಸ್ಟರು ಆರಂಭದಿಂದಲೂ ಎರಡು ಕವಲು. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಂಡು ಕಟ್ಟಿದ ಸಭೆ, ಥಾಮಸ್ ಹೆಲ್ವಿಸ್ ಅದರ ಒಂದು ಭಾಗವನ್ನು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ಗೆ ಕರೆತಂದ ಮೇಲೆ ಬೆಳೆದ ಪರಂಪರೆ, ಇವು ಜನರಲ್ ಬ್ಯಾಪ್ಟಿಸ್ಟರದು. ಕ್ರಿಸ್ತನು ಎಲ್ಲರಿಗಾಗಿ ಸತ್ತನೆಂಬುದು ಅವರ ನಂಬಿಕೆ. ಅವರ 1660ರ ವಿಶ್ವಾಸಪ್ರಕಟಣೆ ಹೇಳುವುದೂ ಅದನ್ನೇ. 1630ರ ದಶಕದಲ್ಲಿ ಲಂಡನ್ನಿನ ಸ್ವತಂತ್ರ ಸಭೆಗಳಿಂದ ಬೇರೆಯಾಗಿ ಹುಟ್ಟಿದ ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರು ಕ್ಯಾಲ್ವಿನ್ನನ ದಾರಿಯವರು. ದೇವರು ಆರಿಸಿಕೊಂಡವರ ರಕ್ಷಣೆಯನ್ನು ಕ್ರಿಸ್ತನು ತನ್ನ ಮರಣದಿಂದ ಸಂಪಾದಿಸಿದನು ಎಂದು 1644ರಲ್ಲಿ ಲಂಡನ್ನಿನ ಏಳು ಸಭೆಗಳು ಸೇರಿ ಪ್ರಕಟಿಸಿದವು. ಎರಡು ಕವಲುಗಳಿಗೆ ಹೆಸರು ಬಂದದ್ದೇ ಕ್ರಿಸ್ತನ ಮರಣದ ವ್ಯಾಪ್ತಿಯಿಂದ. ದೀಕ್ಷಾಸ್ನಾನದ ವಿಷಯದಲ್ಲಿ ಒಂದಾಗಿದ್ದವರನ್ನು ಶಿಲುಬೆಯ ಅರ್ಥ ಬೇರೆ ಮಾಡಿತು.

ಮರಣವನ್ನು ಸಾಲ ತೀರುವಳಿ ಎಂದು ಹಿಡಿದರೆ ತರ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಪರ್ಟಿಕ್ಯುಲರ್ ಕವಲಿನ ಇತಿಹಾಸ ತೋರಿಸುತ್ತದೆ. ಬ್ಯಾಪ್ಟಿಸ್ಟನಲ್ಲದಿದ್ದರೂ ಈ ವಲಯದ ಮೇಲೆ ಆಳವಾದ ಪ್ರಭಾವ ಬೀರಿದ ಜಾನ್ ಓವನ್ 1640ರ ದಶಕದಲ್ಲಿ ಒಂದು ಇಕ್ಕಟ್ಟನ್ನು ಮುಂದಿಟ್ಟಿದ್ದ. ಎಲ್ಲರ ಎಲ್ಲ ಪಾಪಗಳಿಗೂ ಕ್ರಿಸ್ತನು ಬೆಲೆ ತೆತ್ತಿದ್ದರೆ ಎಲ್ಲರೂ ರಕ್ಷಣೆ ಹೊಂದಬೇಕು. ಅಪನಂಬಿಕೆಯಿಂದ ಕೆಲವರು ಹೊಂದುವುದಿಲ್ಲವೆಂದರೆ, ಅಪನಂಬಿಕೆಯೂ ಪಾಪವೇ ಆದುದರಿಂದ ಅದಕ್ಕೂ ಬೆಲೆ ತೆತ್ತಾಗಿದೆ. ಆದ್ದರಿಂದ ಬೆಲೆ ತೆತ್ತದ್ದು ಕೆಲವರಿಗಾಗಿ ಮಾತ್ರ. ವಾದ ಬಿಗಿಯಾಗಿದೆ; ಆದರೆ ಅದರ ಬಿಗಿಯೆಲ್ಲ ಸಾಲದ ಚಿತ್ರದಿಂದ ಬಂದದ್ದು. ಹಣ ಸಂದಾಯವಾದ ಕ್ಷಣದಲ್ಲೇ ಸಾಲ ತೀರುತ್ತದೆ, ಸಾಲಗಾರ ಅದನ್ನು ತಿಳಿದಿರಲಿ ಬಿಡಲಿ. ಅಲ್ಲಿಂದ ಮುಂದಿನ ಹೆಜ್ಜೆ ದೂರವಿರಲಿಲ್ಲ. ಯಾರ ಹೆಸರಿನಲ್ಲಿ ಬೆಲೆ ಸಂದಿದೆಯೆಂದು ಬೋಧಕನಿಗೆ ತಿಳಿಯದಿರುವಾಗ ಅವನು ಎಲ್ಲರನ್ನೂ ಕರೆಯುವುದು ಹೇಗೆ? 1707ರಲ್ಲಿ ಸ್ವತಂತ್ರ ಸಭೆಯ ಬೋಧಕ ಜೋಸೆಫ್ ಹಸಿ ಕೃಪೆಯ ಕಾರ್ಯವುಂಟು, ಕೃಪೆಯ ಆಹ್ವಾನವಿಲ್ಲ ಎಂದೇ ಪುಸ್ತಕ ಬರೆದ. ಲಂಡನ್ನಿನ ಸದರ್ಕ್‌ನಲ್ಲಿ ಐವತ್ತು ವರ್ಷ ಸಭಾಪಾಲಕನಾಗಿದ್ದ ಮಹಾ ವಿದ್ವಾಂಸ ಜಾನ್ ಗಿಲ್ (1697–1771) ಹಸಿಯ ಎಲ್ಲ ಮಾತನ್ನೂ ಒಪ್ಪಿದನೆನ್ನಲಾಗದು. ಆದರೂ ಆರಿಸಲ್ಪಟ್ಟವರು ಅನಾದಿಯಿಂದಲೇ ನೀತಿವಂತರೆಂದು ಎಣಿಸಲ್ಪಟ್ಟಿದ್ದಾರೆ ಎಂಬ ಅವನ ಸಿದ್ಧಾಂತದಲ್ಲಿ ನಂಬಿಕೆಗೆ ಉಳಿಯುವ ಕೆಲಸವೆಂದರೆ ಆಗಿಹೋದದ್ದನ್ನು ಅರಿತುಕೊಳ್ಳುವುದಷ್ಟೇ.

ಕೇಂಬ್ರಿಜ್‌ಶೈರಿನ ವಿಕೆನ್‌ನಲ್ಲಿ ಹುಟ್ಟಿ ಸೋಹಮ್‌ನ ಸಣ್ಣ ಸಭೆಯಲ್ಲಿ ಬೆಳೆದ ಫುಲ್ಲರ್ ಇಂಥ ಬೋಧನೆಯನ್ನೇ ಕೇಳಿಕೊಂಡು ಬಂದವನು. ಪಾಪಪ್ರಜ್ಞೆಯಿಂದ ನರಳುತ್ತಿದ್ದ ಹದಿಹರೆಯದಲ್ಲಿ, ಕ್ರಿಸ್ತನ ಬಳಿಗೆ ಹೋಗಲು ತನಗೆ ಅಧಿಕಾರವಿದೆಯೇ ಎಂದು ತಿಳಿಯದೆ ಅವನು ತಡವರಿಸಿದ್ದ. ತಾನು ಆರಿಸಲ್ಪಟ್ಟವನೆಂಬ ಗುರುತು ಮೊದಲು ಸಿಗಬೇಕು, ಆಮೇಲೆ ನಂಬಬೇಕು ಎಂಬ ಕ್ರಮ ಮನುಷ್ಯನನ್ನು ಶಿಲುಬೆಯ ಕಡೆಗೆ ತಿರುಗಿಸದೆ ತನ್ನ ಒಳಗನ್ನೇ ಕೆದಕಿಕೊಳ್ಳುವಂತೆ ಮಾಡುತ್ತದೆ ಎಂಬುದನ್ನು ಅವನು ಅಲ್ಲಿ ಕಂಡುಕೊಂಡ. 1785ರಲ್ಲಿ, ಕೆಟರಿಂಗ್‌ನ ಸಭಾಪಾಲಕನಾಗಿದ್ದಾಗ, ಸುವಾರ್ತೆಯು ಎಲ್ಲರ ಅಂಗೀಕಾರಕ್ಕೆ ಯೋಗ್ಯವೆಂಬ ಅರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದ. ಆ ಹೆಸರು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮಾತಿನಿಂದ ಬಂದದ್ದು. ಅಮೆರಿಕದ ಜೊನಾಥನ್ ಎಡ್ವರ್ಡ್ಸ್ 1754ರಲ್ಲಿ ಮಾಡಿದ್ದ ಭೇದವೊಂದು ಅವನಿಗೆ ಒದಗಿತು. ಕಣ್ಣಿಲ್ಲದವನು ಕಾಣಲಾರ ಎಂಬುದು ಒಂದು ಬಗೆಯ ಅಶಕ್ತಿ. ದ್ವೇಷಿಸುವವನು ಪ್ರೀತಿಸಲಾರ ಎಂಬುದು ಇನ್ನೊಂದು. ಮೊದಲನೆಯದು ಹೊಣೆಯನ್ನು ಕಳೆಯುತ್ತದೆ, ಎರಡನೆಯದು ಹೊಣೆಯನ್ನು ಹೆಚ್ಚಿಸುತ್ತದೆ. ಹಾಗಾಗಿ ನಂಬುವುದು ಎಲ್ಲರ ಕರ್ತವ್ಯ ಎನ್ನಲು ಅಡ್ಡಿಯಿಲ್ಲ. ಆದರೆ ಇಷ್ಟರಿಂದ ಸಮಸ್ಯೆ ಮುಗಿಯಲಿಲ್ಲ. ಕರೆಯುವವನಿಗೆ ಹಕ್ಕಿದ್ದರೂ ಕರೆಸಿಕೊಂಡವನ ಎದುರಿನಲ್ಲಿ ಏನಾದರೂ ಇರಬೇಕಲ್ಲ? ಈ ಒತ್ತಡವೇ ಫುಲ್ಲರನನ್ನು ಸಾಲದ ಚಿತ್ರದ ಪರೀಕ್ಷೆಗೆ ಕರೆದೊಯ್ದಿತು.

ಅವನ ವಾದದ ತಿರುಳು ಹೀಗಿದೆ. ಕ್ರಿಸ್ತನ ಯಾತನೆ ಅಕ್ಷರಶಃ ಸಾಲದ ಸಂದಾಯವಾಗಿದ್ದರೆ ಅದಕ್ಕೆ ಅಳತೆ ಇರಬೇಕು. ರಕ್ಷಣೆ ಹೊಂದುವವರ ಸಂಖ್ಯೆ ಹೆಚ್ಚಿದಂತೆ ಯಾತನೆಯೂ ಹೆಚ್ಚಬೇಕಿತ್ತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಪೂರ್ತಿ ಹಣ ಪಡೆದ ಸಾಹುಕಾರ ಸಾಲಗಾರನನ್ನು 'ಕ್ಷಮಿಸಿದೆ' ಎನ್ನಲಾಗದು. ಸಾಲಗಾರ ಸಾಲಪತ್ರವನ್ನು ಹಕ್ಕಿನಿಂದಲೇ ಮರಳಿ ಕೇಳಬಹುದು. ಆಗ ಕೃಪೆ ಎಂಬ ಮಾತಿಗೆ ಜಾಗವೆಲ್ಲಿ? ಎರಡು ಶತಮಾನದ ಹಿಂದೆಯೇ ಧರ್ಮಚಿಂತಕ ಸೊಸಿನಸ್ ಇದೇ ಆಕ್ಷೇಪ ಎತ್ತಿ, ಬೆಲೆ ತೆತ್ತರೆ ಕ್ಷಮೆಯಿಲ್ಲ, ಕ್ಷಮೆಯಿದ್ದರೆ ಬೆಲೆಯಿಲ್ಲ ಎಂದು ಶಿಲುಬೆಯ ಸಾಂಪ್ರದಾಯಿಕ ಅರ್ಥವನ್ನೇ ತಳ್ಳಿಹಾಕಿದ್ದ. 1617ರಲ್ಲಿ ಅವನಿಗೆ ಉತ್ತರ ಕೊಟ್ಟ ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಶಿಯಸ್, ದೇವರು ಇಲ್ಲಿ ಸಾಹುಕಾರನಲ್ಲ, ಆಳುವವನು ಎಂದಿದ್ದ. ಫುಲ್ಲರನೂ ಆ ದಿಕ್ಕಿನಲ್ಲಿಯೇ ನಡೆದ. ಪಾಪ ಅಪರಾಧ, ಶಿಲುಬೆ ನ್ಯಾಯಕ್ಕೆ ಭಂಗ ಬಾರದಂತೆ ಕ್ಷಮೆಗೆ ದಾರಿ ಮಾಡಿದ ಕಾರ್ಯ, ಅದರ ಬೆಲೆ ತಲೆಯೆಣಿಕೆಗೆ ಸಿಗುವಂಥದ್ದಲ್ಲ, ಇಡೀ ಲೋಕಕ್ಕೆ ಸಾಲುವಂಥದ್ದು. ಆರಿಸುವಿಕೆ ಇರುವುದು ಅದನ್ನು ಯಾರಲ್ಲಿ ಫಲಗೊಳಿಸಬೇಕೆಂಬ ದೇವರ ಸಂಕಲ್ಪದಲ್ಲಿ. ಕನ್ನಡದಲ್ಲಿ ಯೋಚಿಸುವವರಿಗೆ ಈ ಭೇದ ಬೇಗ ಹಿಡಿಸುತ್ತದೆ. ಸಾಲವನ್ನು ತೀರಿಸುತ್ತೇವೆ, ತಪ್ಪನ್ನು ಕ್ಷಮಿಸುತ್ತೇವೆ. ತಪ್ಪನ್ನು ತೀರಿಸಿದೆ ಎಂದು ಯಾರೂ ಹೇಳುವುದಿಲ್ಲ. ಮತ್ತಾಯನ ಸುವಾರ್ತೆಯ ಕರ್ತನ ಪ್ರಾರ್ಥನೆಯಲ್ಲಿ ಗ್ರೀಕ್ ಮೂಲದ ಶಬ್ದ ಸಾಲದ್ದೇ ಆದರೂ ಕನ್ನಡ ಬೈಬಲ್ ಅಲ್ಲಿ 'ತಪ್ಪು' ಎಂಬ ಪದವನ್ನೇ ಬಳಸಿತು.

ಧರ್ಮಗ್ರಂಥವೇ ಸಾಲದ ಚಿತ್ರವನ್ನು ಬಳಸುತ್ತದಲ್ಲ ಎಂಬ ಆಕ್ಷೇಪ ಇಲ್ಲಿ ಸಹಜ. ಬಳಸುತ್ತದೆ, ಆದರೆ ಹೇಗೆ ಎಂಬುದನ್ನು ನೋಡಬೇಕು. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಹತ್ತು ಸಾವಿರ ತಲಾಂತು ಸಾಲವಿದ್ದ ಆಳಿನ ಪರವಾಗಿ ಯಾರೂ ಹಣ ಕಟ್ಟುವುದಿಲ್ಲ. ಒಡೆಯ ಕನಿಕರಪಟ್ಟು ಬಿಟ್ಟುಬಿಡುತ್ತಾನೆ. ಲೂಕನ ಏಳನೆಯ ಅಧ್ಯಾಯದ ಇಬ್ಬರು ಸಾಲಗಾರರ ಕಥೆಯಲ್ಲೂ ಹಾಗೆಯೇ. ಸಾಲದ ಚಿತ್ರ ಅಲ್ಲಿ ಬಂದಿರುವುದು ಸಂದಾಯವನ್ನು ಹೇಳಲಿಕ್ಕಲ್ಲ, ಬಿಟ್ಟುಕೊಡುವ ಉದಾರತೆಯನ್ನು ಹೇಳಲಿಕ್ಕೆ. ಬೆಲೆ ಕೊಟ್ಟು ಬಿಡಿಸಿದ ಮಾತು ಬೇರೆ ಕಡೆ ಬರುತ್ತದೆ ನಿಜ. ಕನ್ನಡ ಬೈಬಲ್ ಅದಕ್ಕೆ 'ಈಡು' ಎಂಬ ಸೊಗಸಾದ ಪದವನ್ನು ಆರಿಸಿಕೊಂಡಿದೆ. ಆದರೆ ಆ ಈಡು ಯಾರ ಕೈಸೇರಿತು ಎಂಬುದನ್ನು ಆ ವಾಕ್ಯಗಳು ಹೇಳುವುದಿಲ್ಲ. ಬಿಡುಗಡೆ ಅಗ್ಗದ್ದಲ್ಲ ಎನ್ನುವುದೇ ಅವುಗಳ ಒತ್ತು. ಲೆಕ್ಕಪತ್ರದ ಶಿಲುಬೆಗೆ ಅಲ್ಲಿ ಆಧಾರ ಸಿಗುವುದಿಲ್ಲ.

ಈ ಬದಲಾವಣೆ ಬ್ಯಾಪ್ಟಿಸ್ಟ್ ಆಚರಣೆಯ ಒಳಗಿನಿಂದಲೇ ಬಂತು ಎನ್ನಲು ಇನ್ನೂ ಬಲವಾದ ಸಾಕ್ಷ್ಯವಿದೆ. ನೀರಿನಲ್ಲಿ ಪೂರ್ತಿ ಮುಳುಗುವುದು ಕ್ರಿಸ್ತನ ಮರಣ, ಹೂಳುವಿಕೆ, ಪುನರುತ್ಥಾನಗಳಲ್ಲಿ ಭಕ್ತರಿಗಿರುವ ಪಾಲಿನ ಗುರುತು ಎಂದು 1644ರ ಪ್ರಕಟಣೆಯ ನಲವತ್ತನೆಯ ವಿಧಿ ವಿವರಿಸುತ್ತದೆ. ನಂಬಿಕೆಯನ್ನು ತನ್ನ ಬಾಯಿಂದ ಹೇಳಿದವನಿಗೆ ಮಾತ್ರ ಈ ಸ್ನಾನ. ಮಗುವಿಗೆ ಕೊಡದಿರುವುದರ ಕಾರಣವೂ ಇದೇ: ಕ್ರಿಸ್ತನ ಮರಣ ಒಬ್ಬನದಾಗುವುದು ಅವನು ಅದನ್ನು ನಂಬಿಕೆಯಿಂದ ಹಿಡಿದಾಗ. ಅಪರಾಧಿಗೆ ಸಿಗುವ ಕ್ಷಮೆ ಹೀಗೆಯೇ ಇರುತ್ತದೆ. ತೀರಿಹೋದ ಸಾಲ ಹೀಗಿರುವುದಿಲ್ಲ. 1677ರಲ್ಲಿ ಬರೆದು 1689ರಲ್ಲಿ ಲಂಡನ್ನಿನ ಮಹಾಸಭೆ ಅಂಗೀಕರಿಸಿದ ಪ್ರಕಟಣೆಯ ಏಳನೆಯ ಅಧ್ಯಾಯ ದೇವರು ಪಾಪಿಗಳ ಮುಂದೆ ಜೀವವನ್ನೂ ರಕ್ಷಣೆಯನ್ನೂ ಉಚಿತವಾಗಿ ಇಡುತ್ತಾನೆ ಎನ್ನುತ್ತದೆ. ಹನ್ನೊಂದನೆಯ ಅಧ್ಯಾಯ ಇನ್ನೂ ನಿಖರ. ಆರಿಸಲ್ಪಟ್ಟವರನ್ನು ನೀತಿವಂತರೆಂದು ಎಣಿಸುವುದು ದೇವರ ಅನಾದಿ ಸಂಕಲ್ಪವಾಗಿದ್ದರೂ, ಪವಿತ್ರಾತ್ಮನು ತಕ್ಕ ಕಾಲದಲ್ಲಿ ಕ್ರಿಸ್ತನನ್ನು ಅವರಿಗೆ ಅನ್ವಯಿಸುವ ತನಕ ಅವರು ವ್ಯಕ್ತಿಶಃ ನೀತಿವಂತರಲ್ಲ. ಗಿಲ್‌ನ ಸಿದ್ಧಾಂತ ತನ್ನದೇ ಸಭೆಗಳ ಈ ಮಾತನ್ನು ದಾಟಿ ಹೋಗಿತ್ತು. ಫುಲ್ಲರ್ ಹೊಸದನ್ನು ಕಟ್ಟಿದನೆನ್ನುವುದಕ್ಕಿಂತ ಹಳೆಯದಕ್ಕೆ ಮರಳಿದನೆನ್ನುವುದು ಸರಿ. ಗಿಲ್ ಕೂಡ ಮುಳುಗು ಸ್ನಾನದ ಸಮರ್ಥಕನೇ ಆಗಿದ್ದನಲ್ಲ, ಆಚರಣೆಯಿಂದ ಸಿದ್ಧಾಂತ ಹೊರಡುತ್ತದೆ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಹೊರಡಲೇಬೇಕೆಂದಿಲ್ಲ. ಮರಣದ ವ್ಯಾಪ್ತಿ ಎಷ್ಟೆಂಬುದನ್ನು ದೀಕ್ಷಾಸ್ನಾನ ನಿರ್ಣಯಿಸಲಾರದು. ಎರಡೂ ಕವಲುಗಳು ಅದೇ ನೀರಿಗಿಳಿದಿವೆ. ಆದರೆ ನಂಬಿಕೆಯನ್ನು ಬರಿಯ ಅರಿವಿಗಿಳಿಸುವ ಸಿದ್ಧಾಂತ ಆ ನೀರಿನ ದಂಡೆಯಲ್ಲಿ ನಿಂತಾಗ ಅಸಹಜವಾಗಿ ಕಾಣುತ್ತದೆ.

ಫುಲ್ಲರನ ವಿರುದ್ಧ ಎದ್ದ ಎರಡು ದನಿಗಳನ್ನು ಎದುರಿಸದೆ ಅವನನ್ನು ಸಮರ್ಥಿಸಲಾಗದು. ಒಂದು ಲಂಡನ್ನಿನ ಸಭಾಪಾಲಕ ಏಬ್ರಹಾಂ ಬೂತ್‌ನದು. ಫುಲ್ಲರ್ ತನ್ನ ಗ್ರಂಥದ 1801ರ ಎರಡನೆಯ ಆವೃತ್ತಿಯಲ್ಲಿ ದೇವರ ಆಳ್ವಿಕೆಯ ಭಾಷೆಯನ್ನು ಹೆಚ್ಚಾಗಿ ತಂದಿದ್ದ. ಪಾಪವೂ ನೀತಿಯೂ ಒಬ್ಬರಿಂದ ಒಬ್ಬರಿಗೆ ವರ್ಗವಾಗುವ ವಸ್ತುಗಳಲ್ಲ, ಅವುಗಳ ಫಲ ಮಾತ್ರ ವರ್ಗವಾಗುತ್ತದೆ ಎಂಬುದು ಅವನ ಮತ. ಹಾಗಾದರೆ ಕ್ರಿಸ್ತನು ನಿಜವಾಗಿ ನಮ್ಮ ಸ್ಥಾನದಲ್ಲಿ ನಿಂತನೇ, ಅಥವಾ ಅದು ಜನರಿಗಾಗಿ ನಡೆದ ನ್ಯಾಯದ ಪ್ರದರ್ಶನವೇ ಎಂದು ಬೂತ್ ಕೇಳಿದ. 1803ರಲ್ಲಿ ದೇವರ ನ್ಯಾಯವು ಅವನ ಸ್ವಭಾವಕ್ಕೇ ಸೇರಿದ್ದೆಂದು ಸಾಧಿಸುವ ಪುಸ್ತಕವನ್ನೂ ಬರೆದ. ಬೂತ್‌ನ ಆತಂಕ ಹುಸಿಯಲ್ಲ. ನ್ಯಾಯವನ್ನು ಬರೀ ಸಾರ್ವಜನಿಕ ವ್ಯವಸ್ಥೆಯೆಂದು ಹಿಡಿದವರು ಕೊನೆಗೆ ಶಿಲುಬೆಯನ್ನು ಎಚ್ಚರಿಕೆಯ ದೃಶ್ಯಕ್ಕಿಳಿಸುವ ಅಪಾಯವಿದೆ. ಆದರೆ ಫುಲ್ಲರ್ ಆ ಕಡೆಗೆ ಜಾರಲಿಲ್ಲ. ಕ್ರಿಸ್ತನು ಪಾಪಿಗಳ ಬದಲಿಗೆ ಅನುಭವಿಸಿದನು ಎಂಬುದನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಅವನು ನಿರಾಕರಿಸಿದ್ದು ನಿರ್ದೋಷಿಯನ್ನು ಸ್ವಭಾವತಃ ದೋಷಿಯನ್ನಾಗಿ ಮಾಡುವ ಮಾತನ್ನು. ನಿರ್ದೋಷಿಯಾಗಿ ಉಳಿದದ್ದರಿಂದಲೇ ಆ ಮರಣಕ್ಕೆ ಬೆಲೆ ಬಂತು ಎಂಬುದನ್ನು ಬೂತ್‌ನೂ ಒಪ್ಪಬೇಕಾಗಿತ್ತು.

ಎರಡನೆಯ ದನಿ ಇನ್ನೂ ಬಲವಾದದ್ದು. 1770ರಲ್ಲಿ ಜನರಲ್ ಬ್ಯಾಪ್ಟಿಸ್ಟರ ಹೊಸ ಒಕ್ಕೂಟವನ್ನು ಕಟ್ಟಿದ ಡ್ಯಾನ್ ಟೇಲರ್ 1780ರ ದಶಕದಲ್ಲಿ ಫುಲ್ಲರನೊಡನೆ ವಾದಕ್ಕಿಳಿದ. ಎಲ್ಲರನ್ನೂ ಕರೆಯಬೇಕಾದರೆ ಎಲ್ಲರಿಗೂ ಊಟ ಸಿದ್ಧವಿರಬೇಕು. ಕ್ರಿಸ್ತನು ಕೆಲವರಿಗಾಗಿ ಮಾತ್ರ ಸತ್ತಿದ್ದರೆ ಆ ಕರೆಗೆ ಆಧಾರವೇನು ಎಂಬುದು ಅವನ ಪ್ರಶ್ನೆಯ ಸಾರ. ಈ ವಾದದಲ್ಲಿ ತನ್ನ ನೆಲೆ ಅಲುಗಿತೆಂದು ಫುಲ್ಲರ್ ಒಪ್ಪಿಕೊಂಡ. ಕರೆಗೆ ಕರ್ತವ್ಯವೊಂದೇ ಆಧಾರವಾಗದು, ಕ್ರಿಸ್ತನ ಮರಣದಲ್ಲಿಯೇ ಸಕಲರಿಗೆ ಸಾಲುವ ಒದಗಣೆ ಇರಬೇಕೆಂದು ತಿದ್ದಿಕೊಂಡ. ಎದುರಾಳಿಯಿಂದ ಹೀಗೆ ಕಲಿತದ್ದು ಆ ಕಾಲದ ಧಾರ್ಮಿಕ ವಾಗ್ವಾದಗಳಲ್ಲಿ ಅಪರೂಪ, ಗೌರವಕ್ಕೆ ಅರ್ಹ. ಆದರೂ ಟೇಲರನ ಪ್ರಶ್ನೆಯ ಒಂದು ಪಾಲು ಹಾಗೆಯೇ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಸಾಲುವಷ್ಟಿದೆ, ಆದರೆ ಎಲ್ಲರಿಗೂ ಸಲ್ಲಿಸುವ ಸಂಕಲ್ಪವಿಲ್ಲ ಎಂಬುದು ಸಾಲದ ಭಾಷೆಯಲ್ಲಿ ವಿರೋಧಾಭಾಸ. ಅಪರಾಧದ ಭಾಷೆಯಲ್ಲಿ ವಿರೋಧವಲ್ಲದಿದ್ದರೂ ರಹಸ್ಯ. ಫುಲ್ಲರ್ ವಿರೋಧವನ್ನು ಬಿಡಿಸಿದ, ರಹಸ್ಯವನ್ನು ಬಿಡಿಸಲಿಲ್ಲ.

ಈ ಚರ್ಚೆ ಬರಿಯ ಪಂಡಿತರ ಕೋಣೆಯಲ್ಲಿ ಉಳಿಯಲಿಲ್ಲ. 1792ರ ಅಕ್ಟೋಬರ್ 2ರಂದು ಕೆಟರಿಂಗ್‌ನ ಮನೆಯೊಂದರಲ್ಲಿ ಸೇರಿದ ಕೆಲವರು 13 ಪೌಂಡ್ 2 ಶಿಲ್ಲಿಂಗ್ 6 ಪೆನ್ಸ್‌ನ ವಾಗ್ದಾನದೊಂದಿಗೆ ಮಿಷನರಿ ಸಂಘ ಸ್ಥಾಪಿಸಿದಾಗ ಅದರ ಕಾರ್ಯದರ್ಶಿಯಾದವನು ಫುಲ್ಲರನೇ. ಸಾಯುವವರೆಗೂ ಆ ಹೊಣೆ ಹೊತ್ತ. ಸಂಘ ಸ್ಥಾಪನೆಯಾದ ಮರುವರ್ಷ ಅದರ ಪರವಾಗಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿಯ ಹೆಸರು ಕನ್ನಡಿಗರಿಗೂ ಹೊಸತಲ್ಲ, ಅವನ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಅಲ್ಲಿನ ಮಿಷನರಿಗಳು 1805ರಲ್ಲಿ ತಮ್ಮ ಕೆಲಸದ ತತ್ವಗಳನ್ನು ಬರೆದಿಟ್ಟಾಗ, ಜನರ ಮನಸ್ಸು ತಿರುಗಿಸುವ ಮುಖ್ಯ ಸಾಧನ ಕ್ರಿಸ್ತನ ಪಾಪಪರಿಹಾರಕ ಮರಣದ ಬೋಧನೆಯೇ ಎಂದು ನಿಶ್ಚಯಿಸಿದರು. ಯಾರು ಆರಿಸಲ್ಪಟ್ಟವರೆಂದು ಗೊತ್ತಿಲ್ಲದ ನೆಲದಲ್ಲಿ, ಸಾಲದ ಲೆಕ್ಕವನ್ನು ಹಿಡಿದುಕೊಂಡು ಹೀಗೆ ನಿಶ್ಚಯಿಸುವುದು ಕಷ್ಟವಿತ್ತು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಮುಳುಗಿ ದೀಕ್ಷೆ ಪಡೆದ ಬಡಗಿ ಕೃಷ್ಣ ಪಾಲ್ ಮುಂದೆ ಬಂಗಾಳಿಯಲ್ಲಿ ಕಟ್ಟಿದ ಪ್ರಸಿದ್ಧ ಕೀರ್ತನೆಯ ವಸ್ತುವೂ ತನಗಾಗಿ ಪ್ರಾಣ ಕೊಟ್ಟವನನ್ನು ಮರೆಯದಿರುವುದೇ.

ಇಂಗ್ಲೆಂಡಿನಲ್ಲಿ ಈ ಉತ್ತರವನ್ನು ಎಲ್ಲರೂ ಒಪ್ಪಲಿಲ್ಲ. ಗಾಸ್ಪೆಲ್ ಸ್ಟ್ಯಾಂಡರ್ಡ್ ಬ್ಯಾಪ್ಟಿಸ್ಟರೆಂಬ ಗುಂಪಿನವರು ತಮ್ಮ ವಿಧಿಗಳಲ್ಲಿ, ನಂಬುವುದು ಎಲ್ಲರ ಕರ್ತವ್ಯವೆಂದು ಬೋಧಿಸುವುದನ್ನು ನಿರಾಕರಿಸಿದರು. ಟೇಲರ್ ಕಟ್ಟಿದ ಹೊಸ ಒಕ್ಕೂಟ 1891ರಲ್ಲಿ ಬ್ಯಾಪ್ಟಿಸ್ಟ್ ಯೂನಿಯನ್ನಿನಲ್ಲಿ ಪರ್ಟಿಕ್ಯುಲರ್ ಸಭೆಗಳೊಡನೆ ಒಂದಾಯಿತು. ಆ ಹೊತ್ತಿಗೆ ಎರಡೂ ಕಡೆಯವರು ಪಾಪಿಗಳೆಲ್ಲರನ್ನೂ ಒಂದೇ ಶಿಲುಬೆಯ ಬಳಿಗೆ ಕರೆಯುತ್ತಿದ್ದರು. ಯಾರಿಗಾಗಿ ಸತ್ತನೆಂಬ ಹಳೆಯ ಪ್ರಶ್ನೆಗೆ ಅವರ ಉತ್ತರಗಳು ಮಾತ್ರ ಆಗಲೂ ಒಂದೇ ಆಗಿರಲಿಲ್ಲ.