ಉಪ್ಪುನೀರಿನ ಅಕ್ವೇರಿಯಂ

ಕಡಲಿನ ನೀರನ್ನು ಗಾಜಿನ ತೊಟ್ಟಿಯಲ್ಲಿ ಮರುರೂಪಿಸಿ ಜಲಚರಗಳನ್ನು ಸಾಕುವ ಹವ್ಯಾಸ. ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ (1854) ವಿಕ್ಟೋರಿಯಾ ಕಾಲದ ಇಂಗ್ಲೆಂಡಿಗೆ ಇದರ ಗೀಳು ಹತ್ತಿಸಿತು.

ಅಡುಗೆಯ ಉಪ್ಪು ಇಲ್ಲಿ ನಡೆಯದು. ಶುದ್ಧೀಕರಿಸಿದ ನೀರಿಗೆ ಸಾಗರ ಲವಣಮಿಶ್ರಣ ಬೆರೆಸಿ, ಸಾಪೇಕ್ಷ ಸಾಂದ್ರತೆಯನ್ನು 1.025ರ ಆಸುಪಾಸಿನಲ್ಲಿ ಇಡಬೇಕು. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ ಕೊರತೆ ತುಂಬಲು ಸಿಹಿನೀರೇ ಬೇಕು. ಹೊಸಬರನ್ನು ಸೋಲಿಸುವುದು ಮಾತ್ರ ಆತುರ. ಮೀನಿನ ತ್ಯಾಜ್ಯದ ವಿಷಕಾರಿ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಕಲ್ಲು–ಮರಳಿನಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4–6 ವಾರ ಹಿಡಿಯುತ್ತದೆ. ಅಷ್ಟು ದಿನ ಮೀನಿಲ್ಲದ ತೊಟ್ಟಿಯನ್ನೇ ನೋಡುತ್ತ ಕೂರಬೇಕು!

ಮೊದಲಿಗೆ ಗಟ್ಟಿಮುಟ್ಟಾದ ಕ್ಲೌನ್ ಮೀನು ಲೇಸು. ತೊಟ್ಟಿಗೆ ಹವಳವೂ ಬೇಕೆನಿಸಿದರೆ ಎಚ್ಚರ: ಭಾರತದಲ್ಲಿ ಕಲ್ಲುಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ.