ಕೊನೆಯ ಕೃತಿಯ ನಿರೀಕ್ಷೆ: ಸಾಂಡ್‌ಹೈಮ್‌ರ ಅಂತಿಮ ಸಂಗೀತ ನಾಟಕದ ಚರಿತ್ರೆಯಿಂದ ಕೆಲವು ಪ್ರಶ್ನೆಗಳು

ಕವಿಯೊಬ್ಬನ ಕೊನೆಯ ಕೃತಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಮೇಲುನೋಟಕ್ಕೆ ತೋರುವಷ್ಟು ಸುಲಭವಲ್ಲ. ಅವನು ಕೊನೆಯದಾಗಿ ಮುಗಿಸಿದ್ದು ಒಂದಾದರೆ, ಮುಗಿಸದೆ ಬಿಟ್ಟುಹೋದದ್ದು ಇನ್ನೊಂದು. ಅವನ ನಿಧನಾನಂತರ ಇತರರು ರೂಪಕೊಟ್ಟು ಅವನ ಹೆಸರಿನಲ್ಲಿ ಲೋಕಕ್ಕೆ ನೀಡಿದ್ದು ಮತ್ತೊಂದು. ಮಧ್ಯಕಾಲೀನ ಕಾವ್ಯಗಳ ಅಧ್ಯಯನದಲ್ಲಿ ನಮಗೆ ಈ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಆದರೆ ಅಲ್ಲಿ ಕೃತಿಗಾಗಿ ಕಾದವರ ದನಿ ನಮಗೆ ಕೇಳಿಸದು. ಅವರು ಏನನ್ನು ಬಯಸಿದ್ದರು, ಎಷ್ಟು ಕಾಲ ಕಾದರು ಎಂಬುದಕ್ಕೆ ದಾಖಲೆಗಳಿಲ್ಲ. ಈ ಕೊರತೆಯನ್ನು ತುಂಬಿಕೊಡುವ ನಿದರ್ಶನವೊಂದು ನಮ್ಮ ಕಾಲದಲ್ಲಿಯೇ, ನ್ಯೂಯಾರ್ಕಿನ ರಂಗಭೂಮಿಯಲ್ಲಿ ದೊರೆಯುತ್ತದೆ. ಪ್ರಸ್ತುತ ಲೇಖನದಲ್ಲಿ ಅದನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಸ್ಟೀಫನ್ ಸಾಂಡ್‌ಹೈಮ್ 1930ರ ಮಾರ್ಚ್ 22ರಂದು ನ್ಯೂಯಾರ್ಕಿನಲ್ಲಿ ಜನಿಸಿದರು. ಗೀತರಚನೆಯ ಪಾಠವನ್ನು ಆಸ್ಕರ್ ಹ್ಯಾಮರ್‌ಸ್ಟೈನ್ ಅವರಿಂದ ಕಲಿತು, 1957ರ 'ವೆಸ್ಟ್ ಸೈಡ್ ಸ್ಟೋರಿ'ಗೆ ಹಾಡುಗಳನ್ನು ಬರೆದು ಪ್ರಸಿದ್ಧರಾದರು. 'ಕಂಪನಿ' (1970), 'ಸ್ವೀನಿ ಟಾಡ್' (1979), 'ಸಂಡೇ ಇನ್ ದ ಪಾರ್ಕ್ ವಿತ್ ಜಾರ್ಜ್' (1984) ಮೊದಲಾದ ಕೃತಿಗಳಲ್ಲಿ ಸಾಹಿತ್ಯ, ಸಂಗೀತ ಎರಡೂ ಅವರವೇ. ಅಮೆರಿಕದ ಸಂಗೀತ ನಾಟಕವನ್ನು ಕೇವಲ ರಂಜನೆಯ ನೆಲೆಯಿಂದ ಗಂಭೀರ ಚಿಂತನೆಯ ನೆಲೆಗೆ ಕೊಂಡೊಯ್ದವರಲ್ಲಿ ಅವರು ಅಗ್ರಗಣ್ಯರು. ಅವರ ಕೃತಿಗಳ ಚರ್ಚೆಗೆಂದೇ ಬ್ರಿಟನ್ನಿನಲ್ಲಿ 1993ರಲ್ಲಿ ಒಂದು ಸಂಘ ಹುಟ್ಟಿತು. ಅಮೆರಿಕದಲ್ಲಿ 1994ರಿಂದ 2016ರವರೆಗೆ 'ದ ಸಾಂಡ್‌ಹೈಮ್ ರಿವ್ಯೂ' ಎಂಬ ಪತ್ರಿಕೆ ನಡೆಯಿತು. ಜೀವಂತ ರಂಗಕರ್ತೃವೊಬ್ಬನಿಗೇ ಮೀಸಲಾದ ಪತ್ರಿಕೆ ಇಷ್ಟು ವರ್ಷ ನಡೆದದ್ದು ಅಪರೂಪದ ಸಂಗತಿ.

ಈ ಅಭಿಮಾನಿಗಳಿಗೆ ಕಾಯುವುದು ಹೊಸದೇನೂ ಆಗಿರಲಿಲ್ಲ. ಮೈಜ್ನರ್ ಸಹೋದರರ ಕಥೆಯನ್ನಾಧರಿಸಿದ ನಾಟಕವು 1999ರಲ್ಲಿ 'ವೈಸ್ ಗೈಸ್' ಎಂಬ ಹೆಸರಿನಿಂದ ಪ್ರಯೋಗಕ್ಕೆ ಬಂದು, 2003ರಲ್ಲಿ 'ಬೌನ್ಸ್' ಆಗಿ ಷಿಕಾಗೊ ಮತ್ತು ವಾಷಿಂಗ್ಟನ್‌ಗಳಲ್ಲಿ ಪ್ರದರ್ಶನಗೊಂಡು, 2008ರಲ್ಲಿ 'ರೋಡ್ ಷೋ' ಎಂಬ ರೂಪದಲ್ಲಿ ನ್ಯೂಯಾರ್ಕನ್ನು ತಲುಪಿತು. ಅಲ್ಲಿಂದಾಚೆ ಹೊಸ ಸಂಗೀತ ನಾಟಕ ಬರಲಿಲ್ಲ. ತಮ್ಮ ಹಾಡುಗಳನ್ನು ತಾವೇ ವಿಮರ್ಶೆಗೊಳಪಡಿಸಿಕೊಂಡ ಎರಡು ಸಂಪುಟಗಳು 2010 ಹಾಗೂ 2011ರಲ್ಲಿ ಹೊರಬಂದಾಗ, ಕವಿಯು ಲೆಕ್ಕವೊಪ್ಪಿಸಿ ಲೇಖನಿಯನ್ನು ಕೆಳಗಿಟ್ಟನೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ 2014ರಲ್ಲಿ ಹೊಸ ಸುದ್ದಿ ಬಂದಿತು. ಲೂಯಿ ಬುನ್ಯುಎಲ್ ನಿರ್ದೇಶಿಸಿದ ಎರಡು ಚಲನಚಿತ್ರಗಳನ್ನು ಸಾಂಡ್‌ಹೈಮ್ ನಾಟಕಕಾರ ಡೇವಿಡ್ ಐವ್ಸ್ ಅವರೊಡಗೂಡಿ ರಂಗಕ್ಕೆ ಅಳವಡಿಸುತ್ತಿದ್ದರು. ಅವುಗಳಲ್ಲಿ 1972ರ 'ದ ಡಿಸ್ಕ್ರೀಟ್ ಚಾರ್ಮ್ ಆಫ್ ದ ಬೂರ್ಜ್ವಾಸಿ'ಯಲ್ಲಿ ಸಿರಿವಂತ ಸ್ನೇಹಿತರ ಗುಂಪೊಂದು ಊಟಕ್ಕೆಂದು ಹೊರಟು, ಪ್ರತಿ ಬಾರಿಯೂ ಯಾವುದೋ ವಿಘ್ನದಿಂದ ಉಣ್ಣಲಾರದೆ ಹಿಂದಿರುಗುತ್ತದೆ. 1962ರ 'ದ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್'ನಲ್ಲಿ ಔತಣಕ್ಕೆ ಬಂದ ಅತಿಥಿಗಳು, ಬಾಗಿಲು ತೆರೆದೇ ಇದ್ದರೂ, ಕೋಣೆಯಿಂದ ಹೊರಹೋಗಲಾರರು. ಬಡಿಸದ ಊಟಕ್ಕಾಗಿ ಅಲೆಯುವವರ ಈ ಕಥೆಗಾಗಿ ಪ್ರೇಕ್ಷಕರೇ ಒಂಬತ್ತು ವರ್ಷ ಕಾಯಬೇಕಾಯಿತು.

2017ರಲ್ಲಿ ಪಬ್ಲಿಕ್ ಥಿಯೇಟರಿನಲ್ಲಿ ಪ್ರದರ್ಶನ ನಡೆದೀತೆಂಬ ನಿರೀಕ್ಷೆ ಫಲಿಸಲಿಲ್ಲ. 2021ರ ಏಪ್ರಿಲ್‌ನಲ್ಲಿ ಆ ನಾಟಕದ ಕೆಲಸ ಅಲ್ಲಿ ಮುಂದುವರಿಯುತ್ತಿಲ್ಲವೆಂಬ ವರದಿ ಬಂದಾಗ ಸಾಂಡ್‌ಹೈಮ್‌ರಿಗೆ 91 ವರ್ಷ. ಅದೇ ಸೆಪ್ಟೆಂಬರ್‌ನಲ್ಲಿ ನಾಟಕದ ವಾಚನವೊಂದು ನಡೆದು, ಅವರು ದೂರದರ್ಶನ ಕಾರ್ಯಕ್ರಮವೊಂದರಲ್ಲಿ 'ಸ್ಕ್ವೇರ್ ಒನ್' ಎಂಬ ಹೆಸರಿನ ಹೊಸ ಕೃತಿಯನ್ನು ಕುರಿತು ತಾವೇ ಮಾತನಾಡಿದರು. ನವೆಂಬರ್ 26ರಂದು ಅವರು ತೀರಿಕೊಂಡರು. ಎರಡು ದಿನಗಳ ತರುವಾಯ ಟೈಮ್ಸ್ ಸ್ಕ್ವೇರ್‌ನಲ್ಲಿ ನೆರೆದ ಕಲಾವಿದರು ಅವರ ಹಾಡನ್ನೇ ಹಾಡಿ ಶ್ರದ್ಧಾಂಜಲಿ ಸಲ್ಲಿಸಿದರು. ನಾಟಕವು 'ಹಿಯರ್ ವಿ ಆರ್' ಎಂಬ ಹೆಸರಿನಿಂದ, ಜೋ ಮ್ಯಾಂಟೆಲ್ಲೊ ಅವರ ನಿರ್ದೇಶನದಲ್ಲಿ, ನ್ಯೂಯಾರ್ಕಿನ 'ದ ಷೆಡ್' ಎಂಬಲ್ಲಿ 2023ರ ಅಕ್ಟೋಬರ್ 22ರಂದು ಉದ್ಘಾಟನೆಗೊಂಡಿತು.

ಸಂಶೋಧಕನ ಕೆಲಸ ಆರಂಭವಾಗುವುದು ಇಲ್ಲಿಂದಲೇ. ಈ ನಾಟಕದ ಮೊದಲ ಅಂಕದಲ್ಲಿ ಹಾಡುಗಳು ಧಾರಾಳವಾಗಿವೆ. ಎರಡನೆಯ ಅಂಕದಲ್ಲಿ ಅವು ವಿರಳವಾಗುತ್ತ ಬಂದು, ಬಹುಪಾಲು ಮಾತೇ ಉಳಿಯುತ್ತದೆ. ಪಾತ್ರಗಳು ಕೋಣೆಯಲ್ಲಿ ಸೆರೆಯಾದ ಮೇಲೆ ಅವರಿಗೆ ಹಾಡಲು ಕಾರಣವೇ ಇಲ್ಲ, ಈ ಮೌನವೇ ಕೃತಿಯ ಅರ್ಥ, ಇದಕ್ಕೆ ಸಾಂಡ್‌ಹೈಮ್‌ರ ಒಪ್ಪಿಗೆಯೂ ಇತ್ತು ಎಂಬುದು ಸಹಕರ್ತೃಗಳ ನಿಲುವು. ಆದರೆ ಸಾವಿಗೆ ಕೆಲವೇ ದಿನ ಮುಂಚೆ ನೀಡಿದ ಪತ್ರಿಕಾ ಸಂದರ್ಶನದಲ್ಲಿ ಸಾಂಡ್‌ಹೈಮ್ ಆ ಕೃತಿಯನ್ನು ಇನ್ನೂ ಮುಗಿಯಬೇಕಾದದ್ದೆಂಬಂತೆಯೇ ಪ್ರಸ್ತಾಪಿಸಿದ್ದರು. ಹಾಗಾದರೆ ಆ ಮೌನ ಕವಿಯ ಸಂಕಲ್ಪವೋ, ಕಾಲವಶದಿಂದ ಒದಗಿದ ಕೊರತೆಯೋ?

ಕನ್ನಡದ ವಿದ್ಯಾರ್ಥಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ತನ್ನ ಭಾರತವನ್ನು ನಿಲ್ಲಿಸಿದನು. ಅವನ ಕಾವ್ಯ ಅಪೂರ್ಣವೆಂದು ಬಗೆದವರಿದ್ದಾರೆ. ಅವನು ಹೇಳಹೊರಟದ್ದು ಕೃಷ್ಣಕಥೆಯಾದುದರಿಂದ ಧರ್ಮರಾಯನ ಪಟ್ಟಾಭಿಷೇಕದೊಡನೆ ಅದು ಪೂರ್ಣವಾಯಿತೆಂದು ವಾದಿಸಿದವರೂ ಇದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ರಚಿಸಿದನೆಂಬುದೇ, ಕಥೆಯ ಶೇಷಭಾಗವನ್ನು ಬಯಸಿ ಕಾದವರು ಇದ್ದರೆಂಬುದಕ್ಕೆ ಸಾಕ್ಷಿ. ಆದರೂ ಗಮಕಿಗಳ ಕಂಠದಲ್ಲಿ ಕುಮಾರವ್ಯಾಸನಿಗೆ ದೊರೆತ ಸ್ಥಾನ ತಿಮ್ಮಣ್ಣನಿಗೆ ದೊರೆಯಲಿಲ್ಲ. ಬಾಣನ ಕಾದಂಬರಿಯ ಗತಿ ಬೇರೆ. ತಂದೆ ಬಿಟ್ಟುಹೋದ ಕೃತಿಯನ್ನು ಮಗ ಮುಗಿಸಿದನು. ನಾಗವರ್ಮನು ಪೂರ್ವೋತ್ತರ ಭಾಗಗಳೆರಡನ್ನೂ ಕನ್ನಡಿಸಿದಾಗ ಇಬ್ಬರ ಕೈಗಳ ನಡುವಣ ಬೆಸುಗೆ ಒಬ್ಬನೇ ಕವಿಯ ಶೈಲಿಯಲ್ಲಿ ಮುಚ್ಚಿಹೋಯಿತು. ಜಿನಸೇನರ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಪೂರ್ಣಗೊಳಿಸಿದರು. ಅಲ್ಲಿ ಗುರುವಿನ ಕೈ ಎಲ್ಲಿ ನಿಂತಿತು, ಶಿಷ್ಯನ ಕೈ ಎಲ್ಲಿ ತೊಡಗಿತು ಎಂಬುದನ್ನು ಪರಂಪರೆ ಮರೆಯಲಿಲ್ಲ.

ಈ ಮೂರು ಮಾದರಿಗಳ ಬೆಳಕಿನಲ್ಲಿ ನೋಡಿದರೆ, 'ಹಿಯರ್ ವಿ ಆರ್' ನಾಲ್ಕನೆಯದೊಂದು ದಾರಿಯನ್ನು ಹಿಡಿದಂತೆ ತೋರುತ್ತದೆ. 'ಕಂಪನಿ'ಯ ಕಾಲದಿಂದ ಸಾಂಡ್‌ಹೈಮ್‌ರ ಸಂಗೀತಕ್ಕೆ ವಾದ್ಯವೃಂದದ ರೂಪ ಕೊಡುತ್ತ ಬಂದ ಜೊನಾಥನ್ ಟ್ಯೂನಿಕ್ ಈ ನಾಟಕಕ್ಕೂ ಅದನ್ನು ಒದಗಿಸಿದರು. ಆದರೆ ಇಲ್ಲದ ಹಾಡುಗಳನ್ನು ಬೇರೊಬ್ಬರಿಂದ ಬರೆಸಿ ತುಂಬುವ ಪ್ರಯತ್ನ ನಡೆಯಲಿಲ್ಲ. ಕಾದವರ ಆಸೆಯನ್ನು ತೀರಿಸುವುದಕ್ಕಿಂತ ಕವಿ ಬಿಟ್ಟಷ್ಟನ್ನೇ ಉಳಿಸಿಕೊಳ್ಳುವುದು ಲೇಸೆಂದು ಅವರು ನಿರ್ಧರಿಸಿದಂತಿದೆ. ಈ ಸಂಯಮವನ್ನು ನಾವು ಮೆಚ್ಚುತ್ತೇವೆ. ಆದರೆ ಖಾಲಿ ಬಿಟ್ಟದ್ದು ಒಂದು ವಿಷಯ, ಆ ಖಾಲಿತನಕ್ಕೆ ಅರ್ಥ ಹಚ್ಚುವುದು ಇನ್ನೊಂದು ವಿಷಯ. ಮೊದಲನೆಯದಕ್ಕೆ ಪಠ್ಯವೇ ಆಧಾರ; ಎರಡನೆಯದಕ್ಕೆ ಉಳಿದವರ ಹೇಳಿಕೆ ಆಧಾರ. ಆ ಹೇಳಿಕೆ ಪ್ರಾಮಾಣಿಕವಾಗಿಯೇ ಇರಬಹುದು. ಆದರೂ ಅದು ವ್ಯಾಖ್ಯಾನವೇ ಹೊರತು ಪಠ್ಯವಲ್ಲ. ಕುಮಾರವ್ಯಾಸನ ವಿಷಯದಲ್ಲಿ ನಾವು ಪಾಲಿಸಬೇಕಾದ ಎಚ್ಚರವನ್ನು ಇಲ್ಲಿಯೂ ಪಾಲಿಸಬೇಕು.

ಕಾಯುವವರ ಪಾತ್ರವನ್ನೂ ಮರೆಯುವಂತಿಲ್ಲ. 1981ರಲ್ಲಿ ಕೇವಲ 16 ಪ್ರದರ್ಶನಗಳಿಗೆ ನಿಂತುಹೋದ ಸಾಂಡ್‌ಹೈಮ್‌ರ 'ಮೆರಿಲಿ ವಿ ರೋಲ್ ಅಲಾಂಗ್', ಅಭಿಮಾನಿಗಳ ನಿಷ್ಠೆಯಿಂದ ಬದುಕುಳಿದು, 2023ರ ಅದೇ ಅಕ್ಟೋಬರ್‌ನಲ್ಲಿ ಬ್ರಾಡ್‌ವೇಗೆ ಮರಳಿತು. 2024ರಲ್ಲಿ ಶ್ರೇಷ್ಠ ಪುನಃಪ್ರಯೋಗಕ್ಕಾಗಿ ಟೋನಿ ಪ್ರಶಸ್ತಿಯನ್ನೂ ಪಡೆಯಿತು. ಸೋತ ಕೃತಿಯನ್ನು ಉಳಿಸಿದ ಆ ನಿಷ್ಠೆಯೇ ಕೊನೆಯ ಕೃತಿಯನ್ನು ನಿಷ್ಪಕ್ಷಪಾತವಾಗಿ ನೋಡಲು ಅಡ್ಡಿಯೂ ಆಗಬಲ್ಲದು. ಏಕೆಂದರೆ ಅಗಲಿದವರ ಕೊನೆಯ ಕೊಡುಗೆಯಲ್ಲಿ ಕೊರತೆಯನ್ನು ಗುರುತಿಸಲು ಪ್ರೀತಿಸಿದವರಿಗೆ ಮನಸ್ಸು ಬಾರದು.

ನ್ಯೂಯಾರ್ಕಿನ ಪ್ರದರ್ಶನಗಳು 2024ರ ಜನವರಿಯಲ್ಲಿ ಮುಗಿದವು. ಅದೇ ವರ್ಷ ಧ್ವನಿಮುದ್ರಿಕೆ ಹೊರಬಂದು, 2025ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ನಾಟಕ ಪುನಃ ಪ್ರದರ್ಶನಗೊಂಡಿತು. ಸಾಂಡ್‌ಹೈಮ್‌ರ ಹಸ್ತಪ್ರತಿ ಹಾಗೂ ಕರಡುಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿರುವುದನ್ನು ಅದೇ ವರ್ಷ ಪ್ರಕಟಿಸಲಾಯಿತು. ಮುಂದಿನ ತಲೆಮಾರಿನ ಸಂಶೋಧಕರು ಅಲ್ಲಿನ ಕರಡುಗಳನ್ನು ಸಹಕರ್ತೃಗಳ ಹೇಳಿಕೆಗಳೊಡನೆ ತಾಳೆನೋಡುವ ಕೆಲಸವನ್ನು ಕೈಗೊಳ್ಳಬೇಕಾಗಿದೆ. ಕುಮಾರವ್ಯಾಸನ ಕರಡು ನಮಗೆ ಎಂದೂ ದೊರೆಯದು. ದೊರೆಯಬಹುದಾದಲ್ಲಾದರೂ ಅದನ್ನು ನೋಡುವ ಮುನ್ನ ತೀರ್ಪು ನೀಡದಿರುವುದು ನಮ್ಮ ಕರ್ತವ್ಯ.