ಮೇಸ್ತ್ರಿಗೆ ಪಾಠ

ಬಂಕಾಪುರವೆಂದೊಡನೆ ಚರಿತ್ರೆಯನ್ನು ಓದಿದವರಿಗೆ ಅಮೋಘವರ್ಷ ನೃಪತುಂಗನ ಸಾಮಂತನಾದ ಬಂಕೇಯನ ನೆನಪಾಗುವುದು. ಊರಿಗೆ ಹೆಸರು ಬಂದುದು ಆತನಿಂದಲೇ. ಆತನ ಮಗ ಲೋಕಾದಿತ್ಯನು ಅಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣವು ಪೂಜೆಗೊಂಡಿತು. ಅರಸರಿಗೂ ಆಚಾರ್ಯರಿಗೂ ನಮ್ಮ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ. ಆದರೆ ಅದೇ ಊರಿನ ಕೋಟೆಯೊಳಗೆ ಚಾಲುಕ್ಯರ ಕಾಲದ ನಗರೇಶ್ವರ ದೇವಾಲಯವೊಂದುಂಟು. ಜನರು ಅದನ್ನು ಅರವತ್ತು ಕಂಬದ ಗುಡಿಯೆಂದು ಕರೆಯುವರು. ಸಾಲುಸಾಲಾಗಿ ನಿಂತಿರುವ ಆ ಕಂಬಗಳನ್ನು ನೋಡಿದವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಅನೇಕ ಕೈಗಳು ಕೆತ್ತಿದ ಕಲ್ಲು ಒಂದೇ ಅಳತೆಗೆ ಬಂದುದು ಹೇಗೆ? ಉಳಿ ಹಿಡಿದವನ ಹಿಂದೆ ನಿಂತು ಕಲಿಸಿದವನೊಬ್ಬನು ಇರಲೇಬೇಕಷ್ಟೆ.

ಅಂತಹವನನ್ನು ಹಿಂದಿನವರು ಸೂತ್ರಧಾರಿಯೆಂದರು. ಎಂಟನೆಯ ಶತಮಾನದ ಪಟ್ಟದಕಲ್ಲಿನ ಶಾಸನವು ಲೋಕೇಶ್ವರ ದೇವಾಲಯವನ್ನು ಕಟ್ಟಿದ ಸೂತ್ರಧಾರಿಗೆ ಪಟ್ಟ ಕಟ್ಟಿದುದನ್ನು ಹೇಳುವುದು. ನಾವಿಂದು ಮೇಸ್ತ್ರಿ, ಫೋರ್‌ಮನ್ ಎನ್ನುತ್ತೇವೆ. ಹೆಸರು ಬದಲಾದರೂ ತೊಡಕು ಬದಲಾಗಿಲ್ಲ. ಕೆಲಸ ಬಲ್ಲವನಿಗೆಲ್ಲ ಕೆಲಸ ಕಲಿಸಲು ಬಾರದು.

ಈ ತೊಡಕನ್ನು ಬಿಡಿಸಲು ಯುದ್ಧಕಾಲವು ದಾರಿ ತೋರಿಸಿತು. 1917ರ ಸುಮಾರಿಗೆ ಅಮೆರಿಕದ ಹಡಗುಕಟ್ಟೆಗಳಿಗೆ ಸಾವಿರಾರು ಹೊಸ ಕೆಲಸಗಾರರು ಬೇಕಾದಾಗ, ಚಾರ್ಲ್ಸ್ ಅಲೆನ್ ಎಂಬವರು ಬೋಧನೆಯನ್ನು ನಾಲ್ಕು ಹೆಜ್ಜೆಗಳಾಗಿ ವಿಂಗಡಿಸಿದರು: ಕಲಿಯುವವನ ಮನಸ್ಸನ್ನು ಸಿದ್ಧಗೊಳಿಸುವುದು, ಕೆಲಸವನ್ನು ತೋರಿ ಹೇಳುವುದು, ಅವನಿಂದಲೇ ಮಾಡಿಸುವುದು, ಬಳಿಕ ಪರೀಕ್ಷಿಸುವುದು. 1940ರಲ್ಲಿ ಆ ದೇಶವು ಮೇಸ್ತ್ರಿಗಳ ಶಿಕ್ಷಣಕ್ಕೆ ಒಂದು ಇಲಾಖೆಯನ್ನೇ ತೆರೆದು ಈ ಕ್ರಮವನ್ನು ಪುನಃ ಕೈಗೊಂಡಿತು. ಕಲಿಸುವುದು, ಜನರೊಡನೆ ನಡೆದುಕೊಳ್ಳುವುದು, ಕೆಲಸದ ರೀತಿಯನ್ನು ಸುಧಾರಿಸುವುದು ಎಂಬ ಮೂರು ಪಾಠಕ್ರಮಗಳು. ಪ್ರತಿಯೊಂದಕ್ಕೂ ಎರಡೆರಡು ಗಂಟೆಗಳ ಐದು ಬೈಠಕ್ಕುಗಳು. ಪ್ರತಿ ಗುಂಪಿನಲ್ಲಿ ಸುಮಾರು ಹತ್ತು ಜನ. 1945ರಲ್ಲಿ ಇಲಾಖೆ ಮುಚ್ಚುವ ವೇಳೆಗೆ 16,500ಕ್ಕೂ ಹೆಚ್ಚು ಕಾರ್ಖಾನೆಗಳ ಹದಿನೇಳು ಲಕ್ಷಕ್ಕೂ ಮಿಕ್ಕ ಜನರು ಪ್ರಮಾಣಪತ್ರ ಪಡೆದಿದ್ದರು. ಯುದ್ಧಾನಂತರ ಜಪಾನು ಇದನ್ನು ಬಹಳ ಶ್ರದ್ಧೆಯಿಂದ ಸ್ವೀಕರಿಸಿತು.

ಆ ಪಾಠದ ಮೊದಲ ಬೈಠಕ್ಕಿನ ಪ್ರಯೋಗವೊಂದು ಮನನೀಯವಾಗಿದೆ. ವಿದ್ಯುದ್ದೀಪದ ತಂತಿಗೆ ಹಾಕುವ ಒಂದು ಗಂಟನ್ನು ಶಿಕ್ಷಕನು ಮೊದಲು ಬರಿಯ ಮಾತಿನಿಂದ ವಿವರಿಸುವನು, ಕೇಳಿದವನಿಗೆ ಬಾರದು. ಅನಂತರ ಮಾತಿಲ್ಲದೆ ತೋರಿಸುವನು; ಎದುರು ನಿಂತವನಿಗೆ ಎಡಬಲಗಳು ತಿರುವುಮುರುವಾಗಿ ಕಾಣುವುವು. ನಾಲ್ಕು ಹೆಜ್ಜೆಗಳಲ್ಲಿ ಕಲಿಸಿದ ಮೇಲೆ ಗಂಟು ಬೀಳುವುದು. ಕಲಿಯುವವನು ಕಲಿಯದಿದ್ದರೆ ದೋಷವನ್ನು ಕಲಿಸಿದವನಲ್ಲೇ ಹುಡುಕಬೇಕೆಂಬುದು ಇದರ ಸಾರ.

ಇದೆಲ್ಲ ದೊಡ್ಡ ಕಾರ್ಖಾನೆಗಳ ಮಾತು; ಐದಾರು ಜನರ ಮಗ್ಗದ ಮನೆಗೂ ಬಡಗಿಯ ಅಂಗಡಿಗೂ ಇದರಿಂದೇನು ಎಂದು ಕೇಳಬಹುದು. ಅಲ್ಲಿ ಯಜಮಾನನೇ ಮೇಸ್ತ್ರಿ, ಅವನೇ ಲೆಕ್ಕಿಗ. ಹತ್ತು ಜನರನ್ನು ಕೂಡಿಸುವುದೆಲ್ಲಿಂದ, ಹತ್ತು ಗಂಟೆ ಕೆಲಸ ನಿಲ್ಲಿಸುವುದೆಂತು? ಆದರೆ ಅಪಾಯ ಹೆಚ್ಚಿರುವುದೂ ಅಲ್ಲಿಯೇ. ದೊಡ್ಡ ಕಾರ್ಖಾನೆಯಲ್ಲಿ ಒಬ್ಬ ಹಳಬ ಹೋದರೆ ಬೇರೊಬ್ಬನಿರುವನು. ಸಣ್ಣ ಕಮ್ಮಟದಲ್ಲಿ ಅವನೊಡನೆ ಕಸುಬೇ ಹೊರಟುಹೋಗುವುದು. ಹೊಸ ಹುಡುಗನು ನೋಡಿ ಕಲಿಯಲಿ ಎಂದು ಬಿಟ್ಟರೆ ಅವನು ತೆರುವ ಬೆಲೆ ಕೆಲವೊಮ್ಮೆ ಕೈಬೆರಳು.

ಆದುದರಿಂದ ಯಾವುದನ್ನು ಕುಗ್ಗಿಸಬಹುದು, ಯಾವುದನ್ನು ಕುಗ್ಗಿಸಲಾಗದು ಎಂಬ ವಿವೇಚನೆ ಬೇಕು. ಗುಂಪು ಚಿಕ್ಕದಾಗಲಿ, ಒಂದೇ ಬೀದಿಯ ನಾಲ್ಕು ಅಂಗಡಿಗಳ ಮೇಸ್ತ್ರಿಗಳು ಒಟ್ಟಿಗೆ ಕುಳಿತರೂ ಆಗುವುದು. ಎರಡು ಗಂಟೆಯ ಪಾಠ ಅರ್ಧ ಗಂಟೆಯಂತೆ ಹಲವು ದಿನ ನಡೆಯಲಿ. ಉದಾಹರಣೆಗಳು ಅವರವರ ಉಪಕರಣಗಳಿಂದಲೇ ಬರಲಿ. ಆದರೆ ಕೆಲಸವನ್ನು ಮೊದಲೇ ಬಿಡಿಬಿಡಿಯಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದನ್ನು ಬಿಡಬಾರದು. ಪ್ರತಿ ಹೆಜ್ಜೆಯಲ್ಲಿ ಕೆಲಸ ಕೆಡುವ ಸ್ಥಳವನ್ನೂ ಗಾಯವಾಗುವ ಸ್ಥಳವನ್ನೂ ಅದರಲ್ಲಿ ಗುರುತಿಸಿರಬೇಕು. ಕಲಿಯುವವನು ಮಾಡುತ್ತಲೇ ಕಾರಣವನ್ನೂ ಹೇಳಬೇಕು. ಮರುದಿನ ಹೋಗಿ ನೋಡುವುದನ್ನಂತೂ ಮರೆಯಬಾರದು. ಬಿಡುವಿಲ್ಲದ ಯಜಮಾನನು ಮೊದಲು ಕೈಬಿಡುವ ಹೆಜ್ಜೆ ಅದೇ.

ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ವಿದ್ಯೆಯನ್ನು ನಾವು ಪರಂಪರೆಯೆಂದು ಹೊಗಳುವೆವು. ಆದರೆ ಕಲಿಸಬಲ್ಲ ಒಬ್ಬನು ಪ್ರತಿ ತಲೆಮಾರಿನಲ್ಲಿಯೂ ದೊರೆತರೆ ಮಾತ್ರ ಪರಂಪರೆ ಮುಂದುವರಿಯುವುದು. ಅಂತಹವನು ತಾನಾಗಿಯೇ ಹುಟ್ಟಿಬರಲೆಂದು ಕಾಯುವುದಕ್ಕಿಂತ, ಅವನನ್ನು ತಯಾರು ಮಾಡಲು ವಾರಕ್ಕೆ ಅರ್ಧ ಗಂಟೆಯನ್ನು ಎತ್ತಿಡುವುದು ಲೇಸು.